ಹೆಸರು ಅವರಿಗೆ, ಬೈಗುಳ ಸರ್ವಮಂಗಳಗೆ

ಗುಬ್ಬಿಯ ಈ ಬೀದಿಗೆ ಹಾಲಿನವರು ಇನ್ನೂ ಬಂದಿಲ್ಲ. ಅಡುಗೆಕಟ್ಟೆಯ ಮೇಲೆ ಒಂದು ಕಡೆ ಕಲಸಿಟ್ಟ ಚಪಾತಿ ಹಿಟ್ಟು, ಇನ್ನೊಂದು ಕಡೆ ಲ್ಯಾಪ್‌ಟಾಪ್. ಸರ್ವಮಂಗಳ ನಿಂತುಕೊಂಡೇ ಟೈಪ್ ಮಾಡುತ್ತಿದ್ದಾರೆ. ಕೀಲಿಗಳ ಮೇಲೆ ಬೆರಳು ಬೀಳುವ ಸದ್ದಿಗೇ ಸಿಟ್ಟು ಗೊತ್ತಾಗುತ್ತದೆ.

"ನೋಡ್ರೀ ಇದನ್ನ," ಎಂದು ಪರದೆಯನ್ನು ನನ್ನ ಕಡೆ ತಿರುಗಿಸುತ್ತಾರೆ. ಹೊರದೇಶದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಇಮೇಲ್. ನಿಮ್ಮ ಪ್ರೋಗ್ರಾಂನಿಂದ ನನ್ನ ನಕ್ಷತ್ರಗಳೆಲ್ಲ ಜಾಗ ತಪ್ಪಿವೆ, ಕೆಲಸ ಹಾಳಾಯಿತು ಎಂದು ಬೈದಿದ್ದಾಳೆ. "ಅದು ನನ್ನ ಪ್ರೋಗ್ರಾಂ ಅಲ್ಲ. ನನ್ನದನ್ನ ತಗೊಂಡು ಕೆಡ್ಸಿರೋದು. ಆದ್ರೂ ಉತ್ತರ ಮಾತ್ರ ನಾನೇ ಬರೀಬೇಕು."

ಸರ್ವಮಂಗಳ ಹಾಗಲವಾಡಿಯವರು. ಭೌತಶಾಸ್ತ್ರದಲ್ಲಿ ಎಂಎಸ್ಸಿ. ಸಂಶೋಧನೆಗೆ ಸೀಟು ಸಿಕ್ಕ ವರ್ಷವೇ ತಂದೆ ಹಾಸಿಗೆ ಹಿಡಿದರು, ಇವರು ಸೀಟು ಬಿಟ್ಟರು. ಈಗ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸ. ಬಸ್ಸು ಹಿಡಿಯುವ ಮುಂಚಿನ ಈ ಹೊತ್ತು ಮಾತ್ರ ಅವರದು.

ಆ ಹೊತ್ತಿನಲ್ಲಿ ಹುಟ್ಟಿದ್ದೇ ಈ ಪುಟ್ಟ ಪ್ರೋಗ್ರಾಂ. ಕುಣಿಗಲ್‌ನ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿ ಮಾನಸಾ ಒಂದು ದಿನ ಫೋನ್ ಮಾಡಿ ಗೋಳಾಡಿದ್ದರು: "ಆಕಾಶದ ಫೋಟೋ ತುಂಬಾ ದೊಡ್ಡದು, ಓಪನ್ ಮಾಡಿದ್ರೆ ಲ್ಯಾಬ್ ಕಂಪ್ಯೂಟರ್ ಎಲ್ಲಾ ಹ್ಯಾಂಗ್ ಆಗ್ತವೆ ಕಣೇ. ಏನಾದ್ರೂ ಮಾಡು."

ದೂರದರ್ಶಕದ ಪ್ರತಿ ಚಿತ್ರಕ್ಕೂ ಅಕ್ಷರಗಳಲ್ಲಿ ಬರೆದ ಒಂದು ತಲೆಬರಹವಿರುತ್ತದೆ, ಅದಕ್ಕೆ ಹೆಡರ್ ಎನ್ನುತ್ತಾರೆ. ಚಿತ್ರದ ಉದ್ದಗಲ ಎಷ್ಟು, ಅದು ಆಕಾಶದ ಯಾವ ಭಾಗ ಎಂಬುದೆಲ್ಲ ಅದರಲ್ಲಿದೆ. ಹಲವು ಚಿತ್ರಗಳನ್ನು ಜೋಡಿಸಿ ಒಂದು ದೊಡ್ಡ ಚಿತ್ರ ಮಾಡಬೇಕಾದರೆ ಮೊದಲು ಹೆಡರ್‌ನ ಮಾದರಿಯೊಂದನ್ನು ಸಿದ್ಧಮಾಡಿಕೊಳ್ಳಬೇಕು. ಚಿತ್ರ ಚಿಕ್ಕದು ಬೇಕೆಂದರೆ ಮಾದರಿಯೂ ಚಿಕ್ಕದಾಗಬೇಕು. ಉದ್ದಗಲ ಅರ್ಧಕ್ಕಿಳಿದರೆ ಚಿತ್ರದ ಒಂದೊಂದು ಚುಕ್ಕಿ, ಅಂದರೆ ಪಿಕ್ಸೆಲ್, ಆವರಿಸುವ ಆಕಾಶದ ಅಗಲ ದುಪ್ಪಟ್ಟಾಗಬೇಕು, ಅಳತೆಗೆ ಆಧಾರವಾದ ಬಿಂದುವೂ ಸರಿಯಬೇಕು. ಒಂದನ್ನು ಮರೆತರೂ ನಕ್ಷತ್ರ ಇರಬೇಕಾದಲ್ಲಿ ಇರುವುದಿಲ್ಲ. ಸರ್ವಮಂಗಳ ಬರೆದ ಪ್ರೋಗ್ರಾಂಗೆ ಬಟನ್ ಇಲ್ಲ, ಬಣ್ಣ ಇಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಎಲ್ಲವನ್ನೂ ಒಟ್ಟಿಗೆ ಸರಿಮಾಡಿಕೊಡುತ್ತದೆ. ಯಾರು ಬೇಕಾದರೂ ಬಳಸಿ, ಬದಲಾಯಿಸಿ, ನನ್ನ ಹೆಸರು ಮಾತ್ರ ಉಳಿಸಿ ಎಂದು ಬರೆದು ಇಂಟರ್‌ನೆಟ್ಟಿಗೆ ಬಿಟ್ಟರು. ಕುಣಿಗಲ್‌ನ ಮಕ್ಕಳಿಂದ ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು.

ಕಳೆದ ವರ್ಷ ಒಂದು ಕಂಪನಿಯ ಕಣ್ಣಿಗೂ ಬಿತ್ತು. ಅವರು ಸರ್ವಮಂಗಳ ಹೆಸರನ್ನು ಅಳಿಸಿ, ತಮ್ಮ ಹೆಸರು ಹಾಕಿ, ವೇಗ ಹೆಚ್ಚಿಸುತ್ತೇವೆಂದು ಆಧಾರಬಿಂದುವಿನ ಲೆಕ್ಕವನ್ನೇ ಕಿತ್ತುಹಾಕಿದರು. ತಪ್ಪು ಕಂಡರೆ ಬರೆಯಿರಿ ಎನ್ನುವ ಸಾಲಿನಲ್ಲಿ ಮಾತ್ರ ಸರ್ವಮಂಗಳ ಅವರ ಇಮೇಲ್ ವಿಳಾಸ ಹಾಗೇ ಉಳಿಯಿತು. ಕದಿಯುವುದರಲ್ಲೂ ಇಷ್ಟು ಸೋಮಾರಿತನ!

ತುಮಕೂರಿನ ಸಭಾಂಗಣದಲ್ಲಿ ಆ ಕಂಪನಿಯ ನಿರ್ದೇಶಕರಿಗೆ ಸನ್ಮಾನವೆಂದು ಮಾನಸಾ ಸುದ್ದಿ ಕೊಟ್ಟರು. ಇಬ್ಬರೂ ಹೋದರು. ವೇದಿಕೆಯ ಪರದೆ ಮೇಲೆ ಓಡಿದ್ದು ಸರ್ವಮಂಗಳ ಬರೆದ ಸಾಲುಗಳೇ. ಪ್ರಶ್ನೆ ಕೇಳಬಹುದು ಅಂದಾಗ ಅವರು ಸಿಟ್ಟಿನಲ್ಲೇ ಎದ್ದು ನಿಂತರು. "ಸಾರ್, ಇದನ್ನ ಬರೆದಿರೋದು ನಾನು. ನನ್ನ ಹೆಸರು ಯಾಕೆ ತೆಗೆದ್ರಿ?"

"ಅದು ಫ್ರೀಯಾಗಿ ಇತ್ತಲ್ಲ ಮೇಡಂ," ಎಂದು ನಿರ್ದೇಶಕರು ನಕ್ಕರು. ಸಭೆಯಲ್ಲೂ ಕೆಲವರು ನಕ್ಕರು. ಕಾರ್ಯಕರ್ತರೊಬ್ಬರು ಬಂದು ಮೈಕ್ ಇಸಿದುಕೊಂಡರು. ಶಾಲು, ಹಾರ, ಪೇಟ ಎಲ್ಲ ಸಾಂಗವಾಗಿ ನಡೆಯಿತು. ಈ ಲೇಖನಕ್ಕಾಗಿ ನಾನು ಫೋನ್ ಮಾಡಿದಾಗ ನಿರ್ದೇಶಕರು ಹೇಳಿದ್ದಿಷ್ಟು: "ಇಷ್ಟು ಸಣ್ಣ ವಿಷಯ ಪೇಪರ್‌ಗೆ ಯಾಕೆ?"

ಸಣ್ಣ ವಿಷಯವಂತೆ. ಹಾಗಾದರೆ ಆ ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಹಾರ ಹಾಕಿಸಿಕೊಂಡದ್ದೇಕೆ?

ಗಂಡ ಚನ್ನೇಶ್ ಹಿಟ್ಟನ್ನು ತಮ್ಮ ಕಡೆಗೆಳೆದುಕೊಂಡು ಲಟ್ಟಿಸತೊಡಗುತ್ತಾರೆ. "ಆವತ್ತು ಬಸ್ಸಲ್ಲಿ ಅತ್ಕೊಂಡು ಬಂದ್ಳು ಸಾರ್. ಇಂಥೋರಿಗ್ಯಾಕೆ ಪುಕ್ಸಟ್ಟೆ ಕೊಡ್ಬೇಕು, ತೆಗೆದ್‌ಬುಡು ಅಂದೆ. ನನ್ ಮೇಲೇ ರೇಗಿದ್ಲು."

"ಮತ್ತೆ? ತೆಗೆದ್ರೆ ಕುಣಿಗಲ್ ಮಕ್ಕಳು ಏನ್ ಮಾಡ್ತವೆ?"

ತೆಗೆಯಲಿಲ್ಲ. ತಮ್ಮದನ್ನೂ ಕಂಪನಿಯದನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಹೆಸರು ಹೋಯಿತು, ಎಲ್ಲಿ ಲೆಕ್ಕ ಕೆಟ್ಟಿತು ಎಂದು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರು. ಕಂಪನಿಯದನ್ನು ಬಳಸುತ್ತಿದ್ದವರು ಒಬ್ಬೊಬ್ಬರಾಗಿ ಇವರದಕ್ಕೆ ಮರಳಿದರು. ಆಮೇಲೆ ಕಂಪನಿಯಿಂದ ಪತ್ರ ಬಂತು: ತಾವೇ ಗೌರವ ಸಲಹೆಗಾರರಾಗಿ ತಪ್ಪು ಸರಿಪಡಿಸಿಕೊಡಬಹುದೇ? ಹೆಸರಿನ ಮಾತು ಮಾತ್ರ ಅದರಲ್ಲಿಲ್ಲ. ಮೊದಲು ಹೆಸರು ಹಾಕಿ ಎಂದು ಇವರು ಬರೆದರು. ಅದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ.

ಅಷ್ಟರಲ್ಲಿ ಆ ವಿದ್ಯಾರ್ಥಿನಿಯ ಮರುಪತ್ರ ಬರುತ್ತದೆ. ನೀವು ಈಗ ಕಳಿಸಿದ ಸರಿಯಾದ ಪ್ರೋಗ್ರಾಂನಲ್ಲಿ ನಕ್ಷತ್ರಗಳು ಜಾಗಕ್ಕೆ ಬಂದಿವೆ, ಬೈದದ್ದಕ್ಕೆ ಕ್ಷಮಿಸಿ. ಸರ್ವಮಂಗಳ ಮೊದಲ ಸಲ ನಗುತ್ತಾರೆ, ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕುತ್ತಾರೆ.

ಬಸ್‌ಸ್ಟ್ಯಾಂಡಿಗೆ ನಡೆಯುತ್ತಾ ಕೇಳುತ್ತೇನೆ: ಇನ್ನೇನು ಬೇಕು ನಿಮಗೆ?

"ಆವತ್ತು ನಕ್ಕೋರ ಎದುರಿಗೇ ಅವ್ರು ನನ್ನ ಹೆಸರು ಹೇಳ್ಬೇಕು. ಅಷ್ಟೇ. ಸಮಾಧಾನವಾಗಿ ಕೇಳ್ಬೇಕಿತ್ತು ಅಂತಾರೆ ಎಲ್ರೂ. ಬರೆದೋಳು ನಾನು ರೀ. ಸಿಟ್ಟಲ್ಲಿ ಹೇಳಿದ್ರೂ ಅದು ನಿಜಾನೇ, ಸಮಾಧಾನದಲ್ಲಿ ಹೇಳಿದ್ರೂ ನಿಜಾನೇ."