ಎಸಿಮ್‌ಖಾನನ ಹಳೇ ರಸ್ತೆ

ಕುಲ್ಯಾಶ್ ಮೊದಲ ಸಲ ಎಸಿಮ್‌ಖಾನನನ್ನು ಕಂಡದ್ದು ಗಡಿಯೂರು ಝಾರ್ಕೆಂತಿನ ಹೊರಗೆ ಹೊಸದಾಗಿ ಎದ್ದ ಕಂಟೇನರ್ ಅಂಗಳದ ಗೇಟಿನಲ್ಲಿ. ಅವಳು ರೊಟ್ಟಿ, ಚಹಾ ಮಾರಲು ಬಂದಿದ್ದಳು; ಅವನು ಕಾವಲುಗಾರ. ಚೀನಾದ ಗಡಿ ದಾಟಿ ಬಂದ ಪೆಟ್ಟಿಗೆಗಳನ್ನು ರೈಲಿನಿಂದ ಇಳಿಸಿ ಲಾರಿಗೇರಿಸುವ ಜಾಗ ಅದು. ಲಾರಿಯವರ ಕಾಗದ ನೋಡುವ ಮೊದಲೇ ಅವನು, ಯಾವ ರಸ್ತೆಯಲ್ಲಿ ಬಂದೆ ಎಂದು ಕೇಳುತ್ತಿದ್ದ. ಎಲ್ಲರೂ ಬರುವುದು ಹೊಸ ಹೆದ್ದಾರಿಯಲ್ಲೇ. ಉತ್ತರ ಕೇಳಿ ಕಾಗದಕ್ಕೆ ಕೈ ಚಾಚುತ್ತಿದ್ದ.

ಕಾರಣ ಅವಳಿಗೆ ಆಮೇಲೆ ತಿಳಿಯಿತು. ಅವನ ಹೆಂಡತಿ ಬಾತಿಮಾ ಹಳೇ ರಸ್ತೆಯ ಪಕ್ಕದ ಖಬರಸ್ತಾನದಲ್ಲಿ ಮಲಗಿದ್ದಳು. ಅಲ್ಲಿನ ರೂಢಿಯಂತೆ ದಾರಿಹೋಕರು ಗೋರಿ ಕಂಡರೆ ಎರಡು ಮಾತು ಪ್ರಾರ್ಥಿಸಿ, ಅಂಗೈಗಳಿಂದ ಮುಖ ಸವರಿಕೊಂಡೇ ಮುಂದೆ ಹೋಗುವುದು. ಲಾರಿಯವರು ಸ್ಟೇರಿಂಗ್ ಬಿಟ್ಟಾದರೂ ಸರಿ. ಅದಕ್ಕೆಂದೇ ಹಿರಿಯರು ಸತ್ತವರನ್ನು ದಾರಿಯ ಬದಿಗೆ ಹೂಳುತ್ತಿದ್ದರು. ಊರು ಬೆಳೆದಂತೆ ದಾರಿ ದೂರದ ಹೊಸ ಹೆದ್ದಾರಿಗೆ ಸರಿಯಿತು. ಬಾತಿಮಾಳಿಗಾಗಿ ಯಾರ ಕೈಯೂ ಏಳದಾಯಿತು.

ಸಿಕ್ಕವರನ್ನು ಹಳೇ ದಾರಿಗೆ ಒಪ್ಪಿಸಲು ಅವನು ನೋಡುತ್ತಿದ್ದ. "ಆ ಗುಂಡಿಗಳಲ್ಲಿ ಹೋದ್ರೆ ನಾನೂ ಅಜ್ಜಿ ಪಕ್ಕಾನೇ ಮಲಗಬೇಕಾಗುತ್ತೆ, ತಾತ" ಎಂದು ಡ್ರೈವರುಗಳು ನಗುತ್ತಿದ್ದರು. ತುರಾರ್ ಎಂಬವನೊಬ್ಬ ಮಾತ್ರ ಹಿರಿಯನ ಮಾತು ಮೀರಲಾರದೆ ಆ ದಾರಿ ಹಿಡಿದ. ಹಿಮ ಕರಗಿದ ಕೆಸರಿನಲ್ಲಿ, ಗೋರಿಗಳ ಎದುರಿಗೇ, ಲಾರಿ ವಾಲಿ ನಿಂತಿತು. ಎತ್ತಲು ಅಂಗಳದ ಕ್ರೇನು ಹೋಗಬೇಕಾಯಿತು. ಅದು ಮರಳುವವರೆಗೆ ಅಂಗಳದ ಕೆಲಸವೆಲ್ಲ ನಿಂತಿತು.

"ಮೂರು ಸಲ ಪ್ರಾರ್ಥನೆ ಮಾಡ್ದೆ ತಾತ, ಬೇರೇನೂ ಕೆಲಸ ಇರ್ಲಿಲ್ಲ" ಎಂದ ತುರಾರ್, ಮೊಣಕಾಲ ಮಟ ಕೆಸರಾಗಿ ಬಂದು.

ಎಸಿಮ್‌ಖಾನನ ಕೆಲಸ ಅಂದೇ ಹೋಯಿತು. ಅದಕ್ಕಾಗಿ ಅವನು ಬೇಸರಪಟ್ಟದ್ದನ್ನು ಕುಲ್ಯಾಶ್ ಕಾಣಲಿಲ್ಲ. ಮುಖ ಗೆಲುವಾಗಿತ್ತು.

ಮುಂದಿನ ಚಳಿಗಾಲದಲ್ಲಿ ಅವನು ಹಾಸಿಗೆ ಹಿಡಿದ. ದಾರಿಹೋಕರ ಪ್ರಾರ್ಥನೆಗೆ ಅಪ್ಪ ಹಂಬಲಿಸುವುದು ಗೊತ್ತಿದ್ದ ಮಗ ಹೆದ್ದಾರಿಯ ಪಕ್ಕದ ಹೊಸ ಖಬರಸ್ತಾನದಲ್ಲಿ ಜಾಗ ಗೊತ್ತುಮಾಡಿ ಬಂದಿದ್ದ. ಅಲ್ಲಿ ಲಾರಿಗಳ ಸಾಲು ಕಡಿಯುವುದೇ ಇಲ್ಲ. ಕುಲ್ಯಾಶ್ ಬಿಸಿ ರೊಟ್ಟಿ ತೆಗೆದುಕೊಂಡು ನೋಡಲು ಹೋದಾಗ ಅವನು ಮಗನನ್ನು ಹೊರಗೆ ಕಳಿಸಿದ.

"ಹುಡುಗ ಒಳ್ಳೇದಕ್ಕೇ ಮಾಡಿದಾನೆ, ತಂಗಿ. ಆದ್ರೆ ನಾನಲ್ಲಿ ಊರೋರ ಪ್ರಾರ್ಥನೆಯೆಲ್ಲ ಉಂಡ್ಕೊಂಡು ಮಲಗಿದ್ರೆ, ಅವಳು ಹಳೇ ರಸ್ತೇಲಿ ಉಪವಾಸ ಇರ್ತಾಳಲ್ಲ. ಅವಳ ಪಕ್ಕಾನೇ ಇಡು ಅಂತ ಹೇಳ್ಬಿಟ್ಟಿದೀನಿ."

"ಸರಿ ಅಣ್ಣ" ಎಂದಳು ಕುಲ್ಯಾಶ್.

ಅವನು ರೊಟ್ಟಿಯ ಚೂರೊಂದನ್ನು ಮುರಿದುಕೊಂಡ. ಆಮೇಲೆ ಕೇಳಿದ: "ನೀನು ಗೇಟಿಗೆ ವ್ಯಾನಲ್ಲಿ ಬರೋಳು. ವಾರಕ್ಕೊಂದ್ಸಲ ಹಳೇ ರಸ್ತೇಲಿ ನಡ್ಕೊಂಡು ಬರೋಕಾಗುತ್ತಾ?"