ಚಿಕ್ಕಮ್ಮನ ಕಂಬದ ಬೇರುಗಳು

ಕೆಲಸ ಸಿಕ್ಕಿ ಚಿಕ್ಕಮ್ಮನ ಮನೆಗೆ ಬಂದು ಸೇರಿದ ಮೊದಲ ಭಾನುವಾರ ನಾನು ಮಾಡಿದ ಘನಕಾರ್ಯವೆಂದರೆ, ನನ್ನ ಬನಿಯನ್ನನ್ನು ಹಸಿಹಸಿಯಾಗಿಯೇ ಹೊರದೇಶಕ್ಕೆ ಕಳಿಸಲು ಹೊರಟದ್ದು. ತಾರಸಿಯ ಮೇಲೆ ತಾಮ್ರದ ತಂತಿಯೊಂದು ಬಿಗಿಯಾಗಿ ಹಾದುಹೋಗಿತ್ತು. ಅದರ ತುದಿಯಲ್ಲಿ ವಸಡಿನ ಬಣ್ಣದ ನುಣುಪಾದ ಬಿಲ್ಲೆ. ಬಟ್ಟೆ ಒಣಗಿಸುವ ತಂತಿಗೂ ಇಷ್ಟು ಅಲಂಕಾರ ಮಾಡುವವರ ಮನೆಯಲ್ಲಿ ನಾನು ಶಿಸ್ತಿನಿಂದ ಇರಬೇಕಾಗುತ್ತದೆ ಅಂದುಕೊಂಡು ಬನಿಯನ್ನು, ಟವೆಲ್ಲು, ಜೊತೆಗೆ ಇಲ್ಲಿ ಹೇಳಬೇಕಿಲ್ಲದ ಇನ್ನೊಂದೆರಡನ್ನು ಹರವಿ ಕೆಳಗಿಳಿದೆ.

ಮೆಟ್ಟಿಲ ಬುಡದಲ್ಲೇ ಚಿಕ್ಕಮ್ಮ ಅಡ್ಡ ನಿಂತಿದ್ದಳು. ಒಂದು ಕಿವಿಯ ಮೇಲೆ ಹೆಡ್‌ಫೋನು, ಕೈಯಲ್ಲಿ ಯಾರದೋ ಕೆಳದವಡೆ.

“ಮೇಲೆ ಏನು ಹಾಕಿ ಬಂದ್ಯೋ?”

“ಬಟ್ಟೆ.”

“ಅದು ಆಂಟೆನಾ ಕಣೋ ಪುಣ್ಯಾತ್ಮ! ನನ್ನ ಮೀಟರಿನ ಮುಳ್ಳು ಹುಚ್ಚೆದ್ದು ಕುಣೀತಿದೆ. ನೀನು ಹಿಡ್ಕೊಂಡಿದ್ದಾಗ ನಾನೇನಾದ್ರೂ ರೇಡಿಯೋ ಕೀಲಿ ಒತ್ತಿದ್ದಿದ್ರೆ ಕೈ ಸುಟ್ಟು ಬೊಬ್ಬೆ ಬರ್ತಿತ್ತು.”

ಅಂಗಳದಲ್ಲಿ ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ ಚಿಕ್ಕಪ್ಪ ತಲೆ ಎತ್ತದೆ ಅಂದರು: “ಇರ್ಲಿ ಬಿಡೇ. ನಾವಂತೂ ಎಲ್ಲೂ ಹೋಗ್ಲಿಲ್ಲ, ಅವನ ಬನಿಯನ್ನಾದ್ರೂ ನಾಲ್ಕು ದೇಶ ನೋಡ್ಕೊಂಡು ಬರ್ಲಿ.”

ಚಿಕ್ಕಮ್ಮನದು ಕಟ್ಟುಹಲ್ಲು ಮಾಡುವ ಕೆಲಸ. ಊರಿನ ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಮುಂದಿನ ಕೋಣೆಯಲ್ಲಿ ಕೂತು ಅವಳು ಮೇಣ ಕರಗಿಸಿ, ಹಲ್ಲು ಜೋಡಿಸಿ, ಉಜ್ಜಿ ನಯ ಮಾಡುತ್ತಾಳೆ. ಆ ಕೋಣೆಗೆ ಹೋದರೆ ಕಪಾಟಿನ ತುಂಬ ಊರಿನ ಅರ್ಧ ಜನ ನಿಮ್ಮನ್ನು ನೋಡಿ ನಗುತ್ತಿರುತ್ತಾರೆ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಅವಳ ರೇಡಿಯೋ, ಕೇಳಲಿಕ್ಕಷ್ಟೇ ಅಲ್ಲ, ಕಳಿಸಲಿಕ್ಕೂ ಬರುವಂಥದ್ದು. ತಂತಿಯ ತುದಿಯಲ್ಲಿ ನಾನು ಕಂಡ, ಕರೆಂಟು ಗೋಡೆಗೆ ಹಾಯದಂತೆ ತಡೆಯುವ ಬಿಲ್ಲೆಯೂ ಹಲ್ಲಿನ ಸೆಟ್ಟಿಗೆ ವಸಡು ಮಾಡಿ ಉಳಿದ ಸಾಮಾನಿನಿಂದ ಎರೆದದ್ದು. ಬಿಸಿಲಿಗೆ ಬಿರಿಯುವುದಿಲ್ಲ, ಮಳೆಗೆ ಹೆದರುವುದಿಲ್ಲವಂತೆ. “ಬಾಯಲ್ಲೇ ಬಾಳಿಕೆ ಬರತ್ತೆ, ಇದಕ್ಕಿಂತ ಕೆಟ್ಟ ಹವಾಮಾನ ಇನ್ನೆಲ್ಲಿದೆ?” ಅನ್ನುತ್ತಾಳೆ.

ರೇಡಿಯೋ ವಿದ್ಯೆ ಅವಳಿಗೆ ಬಂದದ್ದು ಹಲ್ಲಿನ ಕೆಲಸ ಕಲಿಸಿದ ಮೇಷ್ಟ್ರಿಂದ. ಅವರು ಶಿಷ್ಯರಿಗೆ ಕೈ ಹದ ಬರಲಿ ಅಂತ ಗಿಡ್ಡ-ಉದ್ದ ಸದ್ದಿನಲ್ಲಿ ಅಕ್ಷರ ಕಳಿಸುವ ಮೋರ್ಸ್ ಕೀಲಿ ಒತ್ತಿಸುತ್ತಿದ್ದರಂತೆ. ಉಳಿದವರು ಕೈ ಹದ ಮಾಡಿಕೊಂಡು ಹೋದರು. ಚಿಕ್ಕಮ್ಮ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡು ಕೀಲಿಯ ಹತ್ತಿರವೇ ಉಳಿದಳು. ಮದುವೆಯಾಗಿ ಬರುವಾಗ ಪೆಟ್ಟಿಗೆಯಲ್ಲಿ ಸೀರೆಗಿಂತ ತಂತಿಯೇ ಜಾಸ್ತಿ ಇತ್ತು ಅಂತ ಚಿಕ್ಕಪ್ಪ ಇವತ್ತಿಗೂ ಆಡಿಕೊಳ್ಳುತ್ತಾರೆ.

ಅವಳಿಗೆ ಬೇಕಾದದ್ದು ಉದ್ದ ಅಲೆ. ಸಂಜೆ ಸೂರ್ಯ ಇಳಿದ ಮೇಲೆ ಕಣ್ಣು ಬಿಡುವ, ಒಂದೊಂದೂ ಎಂಬತ್ತು ಮೀಟರ್ ಉದ್ದದ ಅಲೆ. ಚಿಕ್ಕಮ್ಮನ ಸೈಟಿನಲ್ಲಿ ಅಂಥದ್ದು ಬಾಲ ಮಡಚಿಕೊಂಡು ಕೂರಲೂ ಜಾಗವಿಲ್ಲ. ಮನೆ, ನೀರಿನ ತೊಟ್ಟಿ, ಮೋಟಾರು ಬೈಕು, ಚಿಕ್ಕಪ್ಪನ ಗಿಡಗಳು, ಇಷ್ಟಕ್ಕೇ ಕಾಂಪೌಂಡು ತುಂಬಿಹೋಗಿದೆ. ಹಾಗಾಗಿ ಮೂಲೆಯಲ್ಲೊಂದು ಅಲ್ಯೂಮಿನಿಯಂ ಕಂಬ ನಿಲ್ಲಿಸಿ, ಸಾಲದ ಉದ್ದವನ್ನು ತಾರಸಿಯ ಮೇಲೆ ತಂತಿಯಾಗಿ ಬಾಗಿಸಿ, ಅದೂ ಸಾಲದ್ದಕ್ಕೆ ನೀರಿನ ಪೈಪಿನ ತುಂಡಿಗೆ ಸುರುಳಿ ಸುತ್ತಿ ಹೇಗೋ ಹೊಂದಿಸಿದ್ದಳು. ಆದರೆ ಕಂಬ ಬರೀ ಮೇಲಿನ ಅರ್ಧ ಅಷ್ಟೇ. ಇನ್ನರ್ಧ ನೆಲದೊಳಗೆ: ಕಂಬದ ಬುಡದಿಂದ ಎಲ್ಲ ದಿಕ್ಕಿಗೂ ಹರಡಿದ ತಂತಿಗಳು. ಜಾಗ ಸಾಲದೆ ಅವು ಗೋಡೆಗೆ ಬಡಿದು ತಿರುಗಿ, ತೊಟ್ಟಿಯನ್ನು ಬಳಸಿ, ಗೇಟಿನ ಕೆಳಗೆ ನುಸುಳಿ ಹೇಗೆ ಹೇಗೋ ಹೋಗಿದ್ದವು. ಚಿಕ್ಕಮ್ಮ ಅವನ್ನು ಬೇರು ಅನ್ನುತ್ತಿದ್ದಳು.

ಇಷ್ಟೆಲ್ಲ ಯಾರಿಗಾಗಿ ಅಂದರೆ, ಮುಖ್ಯವಾಗಿ ಒಬ್ಬರಿಗಾಗಿ. ಸಮುದ್ರದಾಚೆ ಯಾವುದೋ ದ್ವೀಪದಲ್ಲಿರುವ ಒಬ್ಬರು. ಅವರ ಮೋರ್ಸ್ ಟಿಕ್‌ಟಿಕ್ ಅಂತ ಒಂದೇ ಸಮ ಬರುವುದರಿಂದ ಚಿಕ್ಕಮ್ಮ ಅವರಿಗೆ ಇಟ್ಟ ಹೆಸರು ಗಡಿಯಾರ. ನಾನು ಚಡ್ಡಿ ಹಾಕುವುದಕ್ಕೂ ಮೊದಲಿನ ಪರಿಚಯವಂತೆ. ವಾರಕ್ಕೊಂದು ಸಂಜೆ, ಕತ್ತಲಾಗುತ್ತಿದ್ದ ಹಾಗೆ ಅವರು ಕರೆಯುತ್ತಾರೆ, ಇವಳು ಓಗೊಡುತ್ತಾಳೆ.

ನಾನು ಬಂದ ಆ ಬೇಸಿಗೆಯಲ್ಲಿ ಅದು ಕೆಟ್ಟುಹೋಯಿತು. ಗಡಿಯಾರ ಕರೆಯುವುದು ಇವಳಿಗೆ ಕೇಳಿಸುತ್ತಿತ್ತು. ಇವಳು ಓಗೊಟ್ಟದ್ದು ಅವರಿಗೆ ಕೇಳಿಸುತ್ತಿರಲಿಲ್ಲ. ಅವರು ಕರೆದು, ಕಾದು, ಮತ್ತೆ ಕರೆದು, ಕೊನೆಗೆ ವಿದಾಯ ಹೇಳಿ ಹೋಗಿಬಿಡುತ್ತಿದ್ದರು. ಚಿಕ್ಕಮ್ಮ ಮಾತ್ರ ಕೀಲಿ ಒತ್ತುತ್ತಲೇ ಇರುತ್ತಿದ್ದಳು. ಬಸ್ಸು ಹೊರಟ ಮೇಲೂ ಕೈ ಬೀಸುತ್ತ ಹಿಂದೆ ಓಡುವವರನ್ನು ನೀವು ನೋಡಿರಬಹುದು. ಹಾಗೆ.

“ಇಲ್ಲೇ ಇದೀನಲ್ಲಪ್ಪಾ,” ಅನ್ನುತ್ತಿದ್ದಳು ರೇಡಿಯೋ ಪೆಟ್ಟಿಗೆಯ ಕಡೆ ನೋಡಿ. “ಇಲ್ಲೇ ಇದೀನಿ.”

ಆಮೇಲೊಂದು ಸಂಜೆ ಹೆಡ್‌ಫೋನು ಕಿವಿಗೆ ಒತ್ತಿ ಹಿಡಿದು, ಅಕ್ಷರ ಅಕ್ಷರವಾಗಿ ಕೇಳಿಸಿಕೊಂಡದ್ದನ್ನು ಗಟ್ಟಿಯಾಗಿ ಹೇಳುತ್ತ ಹೋದಳು: ಈ ತಿಂಗಳ ಕೊನೆಗೆ ಮನೆ ಬಿಡುತ್ತಿದ್ದೇನೆ. ಹೋಗುವ ಕಡೆ ಕಂಬಕ್ಕೆ ಜಾಗವಿಲ್ಲ. ನೀವು ಕೇಳುತ್ತಿದ್ದರೆ ಗೊತ್ತಿರಲಿ. ನೀವು ಇದ್ದೀರಾ?

ಅವತ್ತಿನಿಂದ ಮನೆಯ ನೆಮ್ಮದಿ ಕೆಟ್ಟಿತು. ಅಚ್ಚುಗಳು ಮೇಜಿನ ಮೇಲೆ ರಾಶಿ ಬಿದ್ದವು. ದಂತವೈದ್ಯರ ಕಡೆಯಿಂದ ಫೋನು ಬಂದರೆ ಚಿಕ್ಕಪ್ಪ ತೆಗೆದು “ನಾಳೆ, ನಾಳೆ” ಅನ್ನುತ್ತಿದ್ದರು. ಯಾವ ಅಜ್ಜನೋ ಗಂಜಿ ಕುಡಿದು ಕಾಲ ಹಾಕುತ್ತಿದ್ದಿರಬೇಕು, ಪಾಪ. ಚಿಕ್ಕಮ್ಮ ಕಂಬ ಇಳಿಸಿದಳು, ಉಜ್ಜಿದಳು, ಏರಿಸಿದಳು. ಸುರುಳಿ ಬಿಚ್ಚಿ ಸುತ್ತಿದಳು. ಅವಳ ಏಣಿ ಹಿಡಿದುಕೊಂಡ ನಾನು, ಅವಳು ಜಾರಿದರೆ ಹಿಡಿಯಬೇಕೋ ಪಕ್ಕಕ್ಕೆ ಹಾರಬೇಕೋ ಅಂತ ಲೆಕ್ಕ ಹಾಕುತ್ತ ನಿಲ್ಲುತ್ತಿದ್ದೆ.

ವಿಚಿತ್ರವೆಂದರೆ ಮೀಟರು ಎಲ್ಲ ಸರಿಯಿದೆ ಅನ್ನುತ್ತಿತ್ತು. ಕಂಬಕ್ಕೆ ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತದೆ ಅಂತ ತೋರಿಸುವ ಮೀಟರು ಅದು. ಮೊದಲು ಮುಳ್ಳು ಒಂದಿಷ್ಟು ಮೇಲೇ ನಿಲ್ಲುತ್ತಿತ್ತಂತೆ. ಬೇಸಿಗೆಯ ಆರಂಭದಲ್ಲಿ ಚಿಕ್ಕಮ್ಮ ಹೊಸ ಸುರುಳಿ ಹಾಕಿದ ವಾರವೇ ಅದು ಸೊನ್ನೆಗೆ ಇಳಿದು, ಮಲಗಿದ ಬೆಕ್ಕಿನಂತೆ ಅಲ್ಲೇ ಬಿದ್ದುಕೊಂಡಿತ್ತು. “ಜೀವಮಾನದಲ್ಲಿ ಇಷ್ಟು ಒಳ್ಳೆ ಸುರುಳಿ ಸುತ್ತಿರ್ಲಿಲ್ಲ,” ಅಂತ ಅವಳೇ ಹೆಮ್ಮೆಪಟ್ಟಿದ್ದಳು.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಹೇಳಬೇಕು. ನಾನು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವನು. ಮನೆಮನೆಗೆ ಹೋಗಿ ನಾಯಿಗಳ ಕೈಲಿ ಬೊಗಳಿಸಿಕೊಂಡು ಅಂಕಿ ಬರೆದುಕೊಂಡು ಬರುವುದು ನನ್ನ ಜೀವನೋಪಾಯ. ಮೀಟರು ಹೇಳಿದ್ದನ್ನು ನಂಬದಿದ್ದರೆ ನನಗೆ ಅನ್ನವಿಲ್ಲ. ಹಾಗಾಗಿ ದಿನಾ ಸಂಜೆ ಚಿಕ್ಕಮ್ಮನ ಮೀಟರಿಗೂ ಇಣುಕಿ, “ಸೊನ್ನೆ ಇದೆ ಚಿಕ್ಕಮ್ಮ, ನಿನ್ನ ಕಡೆಯಿಂದ ಏನೂ ತೊಂದರೆ ಇಲ್ಲ,” ಎಂದು ಸರ್ಟಿಫಿಕೇಟು ಕೊಡುತ್ತಿದ್ದೆ. ಅವಳ ಮುಖ ಇನ್ನಷ್ಟು ಸಣ್ಣದಾಗುತ್ತಿತ್ತು.

ತಿಂಗಳು ಮುಗಿಯುತ್ತ ಬಂತು. ಉಳಿದದ್ದು ಒಂದೇ ಸಂಜೆ.

ಅದರ ಹಿಂದಿನ ದಿನ ಊಟಕ್ಕೆ ಕೂತಾಗ, ಆ ಮೌನ ತಡೆಯಲಾಗದೆ ನಾನು ನನ್ನ ಕೆಲಸದ ಗೋಳು ತೆಗೆದೆ. ಒಂದು ಮನೆಯಲ್ಲಿ ನೀರಿನ ಬಿಲ್ಲು ಇದ್ದಕ್ಕಿದ್ದ ಹಾಗೆ ಇಳಿದಿತ್ತು. ಮನೆಯವರಿಗೆ ಖುಷಿ, ನನಗೂ ಖುಷಿ. ಕೊನೆಗೆ ನೋಡಿದರೆ ಮೀಟರಿಗಿಂತ ಮುಂಚೆಯೇ ಪೈಪು ಒಡೆದು, ನೀರೆಲ್ಲ ಮಣ್ಣಿಗೆ ಹೋಗುತ್ತಿತ್ತು. “ಮೀಟರು ಸುಮ್ಮನಿದೆ ಅಂತ ನಾನೂ ಸುಮ್ಮನಿದ್ದೆ. ಸಾಹೇಬರು ಎಲ್ಲರ ಮುಂದೆ ಉಗಿದರು,” ಅಂದೆ.

ಚಿಕ್ಕಮ್ಮನ ಕೈ ತಟ್ಟೆಯಲ್ಲೇ ನಿಂತಿತು.

“ಏನಂದೆ?”

“ಸಾಹೇಬರು ಉಗಿದರು ಅಂದೆ.”

“ಅದಲ್ಲ. ಎಲ್ಲ ಮಣ್ಣಿಗೆ ಹೋಗ್ತಿತ್ತು ಅಂದ್ಯಲ್ಲ.” ಅವಳು ಎದ್ದೇಬಿಟ್ಟಳು. “ಅಯ್ಯೋ ನನ್ನ ಬುದ್ಧಿಗೆ ಇಷ್ಟು! ಗಿಡ್ಡ ಕಂಬ ಯಾವತ್ತೂ ಮೊಂಡು ಕಣೋ, ಕಳಿಸಿದ್ರಲ್ಲಿ ಒಂದಿಷ್ಟನ್ನ ವಾಪಸ್ ಎಸೆದೇ ಎಸೆಯತ್ತೆ. ಎಸೀತಿಲ್ಲ ಅಂದ್ರೆ ಕಳಿಸಿದ್ದನ್ನೆಲ್ಲ ಮಣ್ಣು ಕುಡೀತಿದೆ ಅಂತ. ಬೇರು ಹೋಗಿದೆ. ಇಷ್ಟು ದಿನ ನಾನು ಎರೆಹುಳಕ್ಕೆ ಬಿಸಿನೀರು ಕಾಯಿಸ್ತಿದ್ದೆ!”

ಅವಳು ಟಾರ್ಚು ಹಿಡಿದು ಹೊರಗೋಡಿದಳು. ನಾನು ಹೊರಡುವಷ್ಟರಲ್ಲಿ ಚಿಕ್ಕಪ್ಪ ನನ್ನ ತೋಳು ಹಿಡಿದರು. ಅವರ ಹಣೆ ಬೆವರಿತ್ತು.

“ನೋಡೋ, ಆ ಗುಲಾಬಿ ನೆಟ್ನಲ್ಲ, ಗೋಡೆ ಪಕ್ಕ...”

“ಹೂಂ.”

“ಗುದ್ದಲಿಗೆ ಏನೋ ಸಿಕ್ತು. ಒಂದೆರಡು. ಹಳೇ ತಂತಿ ಇರ್ಬೇಕು ಅಂದ್ಕೊಂಡು ಕಿತ್ತೆ. ಆಮೇಲೆ ಗೊತ್ತಾಯ್ತು. ತುದಿ ತುದಿ ಸೇರಿಸಿ ಹೊಸೆದು ಮಣ್ಣು ಮುಚ್ಚಿದೆ.”

“ಹೇಳ್ಬಾರದಿತ್ತಾ ಚಿಕ್ಕಪ್ಪ?”

“ಹೇಳೋಣ ಅಂತ ಹೋದೆ. ಅವತ್ತೇ ಮುಳ್ಳು ಸೊನ್ನೆಗೆ ಬಂತು ಅಂತ ಅವಳು ಕುಣೀತಿದ್ಲು. ಒಳ್ಳೇದೇ ಆಯ್ತಲ್ಲ ಅಂತ ಸುಮ್ಮನಾದೆ.” ಅವರು ಧ್ವನಿ ತಗ್ಗಿಸಿದರು. “ಈಗ ನೀನು ಹೇಳ್ತೀಯಾ?”

ನಾನು ಹೇಳುವ ಪ್ರಮೇಯವೇ ಬರಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಚಿಕ್ಕಮ್ಮ, ಕೈಯಲ್ಲಿ ಹಸಿರುಗಟ್ಟಿದ ತಾಮ್ರದ ತುಂಡು. ಅವಳು ಬೈಯಲಿಲ್ಲ. ಬೈದಿದ್ದರೆ ಮೂವರಿಗೂ ಹಗುರಾಗುತ್ತಿತ್ತು. ಗಂಡನನ್ನು ನೋಡಿದಳು, ತಂತಿಯನ್ನು ನೋಡಿದಳು, “ಬೆಳಿಗ್ಗೆ ಬೇಗ ಏಳ್ರಿ,” ಅಂದು ಒಳಗೆ ಹೋದಳು.

ಬೆಳಿಗ್ಗೆ ನಾನು ಹೊಟ್ಟೆನೋವು ಎಂದು ಕಚೇರಿಗೆ ಸುಳ್ಳು ಹೇಳಿ ಗುದ್ದಲಿ ಹಿಡಿದೆ. ಚಿಕ್ಕಪ್ಪ ಮೊಗ್ಗು ಬಿಟ್ಟಿದ್ದ ಗುಲಾಬಿಗಳನ್ನು ತಾವೇ ಒಂದೊಂದಾಗಿ ಕಿತ್ತು ಬಕೆಟ್ಟಿಗೆ ಹಾಕಿದರು. ಅವರ ‘ಒಂದೆರಡು’ ಅಗೆಯುತ್ತ ಹೋದಂತೆ ಗೋಡೆಯ ಉದ್ದಕ್ಕೂ ಬೆಳೆಯಿತು. ಹೊಸೆದ ಗಂಟುಗಳೆಲ್ಲ ಕಿಲುಬು ಹಿಡಿದು, ಮುಟ್ಟಿದರೆ ಪುಡಿಯಾಗುತ್ತಿದ್ದವು. ಚಿಕ್ಕಮ್ಮ ಮಣ್ಣಿನಲ್ಲೇ ಕೂತು ಹೊಸ ತಂತಿಗಳನ್ನು ಬೆಸೆಯುತ್ತ ಹೋದಳು. ಮಧ್ಯಾಹ್ನ ಕಳೆಯುತ್ತಿದ್ದ ಹಾಗೆ ಮೋಡ ಬಂತು. ದೂರದಲ್ಲೆಲ್ಲೋ ಗುಡುಗಿತು.

“ಸಿಡಿಲು ಇದ್ರೆ ಕಂಬದ ತಂತಿ ಕಳಚಿ ಇಡ್ಬೇಕು ಅಂತ ನೀನೇ ಅಲ್ವೇನೇ ಹೇಳೋದು?” ಎಂದರು ಚಿಕ್ಕಪ್ಪ.

“ಇಡ್ಬೇಕು.”

“ಮತ್ತೆ?”

“ಇನ್ನೂ ದೂರ ಇದೆ.”

ಆಗ ನನಗೆ ಒಂದು ಸರಳ ಉಪಾಯ ಹೊಳೆದು ಬಾಯಿ ತೆರೆದೆ. ಚಿಕ್ಕಪ್ಪನಿಗೆ ಅದು ಹೇಗೆ ತಿಳಿಯಿತೋ, ನನ್ನನ್ನು ತೊಟ್ಟಿಯ ಹಿಂದಕ್ಕೆ ಎಳೆದುಕೊಂಡು ಹೋದರು. “ಫೋನಿನ ವಿಷಯ ತಾನೇ? ಅದೊಂದು ಎತ್ಬೇಡ. ಮದುವೆಯಾದ ಹೊಸತರಲ್ಲಿ ನಾನು ಕೇಳಿದ್ದೆ. ವಾರವಿಡೀ ನನ್ನ ಹತ್ರ ಮಾತಿಲ್ಲ.” ನಾನು ಬಾಯಿ ಮುಚ್ಚಿಕೊಂಡೆ.

ಸಂಜೆ ಚಿಕ್ಕಮ್ಮ ಮಣ್ಣು ಮೆತ್ತಿದ ಕೈಯಲ್ಲೇ ರೇಡಿಯೋ ಹಾಕಿ ಕೀಲಿ ಒತ್ತಿದಳು. ಮೀಟರಿನ ಮುಳ್ಳು ಸೊನ್ನೆಯಿಂದ ಎದ್ದು ಎಗರಿ ನಿಂತಿತು.

“ಕೆಟ್ಟೋಯ್ತು ಚಿಕ್ಕಮ್ಮ! ಇಡೀ ದಿನ ಅಗೆದಿದ್ದು ದಂಡ!”

ಎಷ್ಟೋ ವಾರಗಳ ನಂತರ ಅವಳು ನಕ್ಕಳು. “ಈಗ ಸರಿ ಆಯ್ತು, ಪೆದ್ದೇ.” ಕಂಬದ ಬುಡದ ಸುರುಳಿಯನ್ನು ಹಿಗ್ಗಿಸಿ ಕುಗ್ಗಿಸಿ ಮುಳ್ಳನ್ನು ಒಂದಿಷ್ಟು ಇಳಿಸಿ ಬಂದಳು. ಪೂರ್ತಿ ಸೊನ್ನೆ ಮಾಡುವ ಗೋಜಿಗೆ ಹೋಗಲಿಲ್ಲ. ಅದರ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ನನಗೆ ನನ್ನ ಇಡೀ ವೃತ್ತಿಯ ಮೇಲೇ ಹೋಗಿತ್ತು.

ಕತ್ತಲಾಗತೊಡಗಿತು. ಹೆಡ್‌ಫೋನು ಕಳಚಿ ಸ್ಪೀಕರಿಗೆ ಹಾಕಿದಳು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಅದರೊಳಗೆ ಮಿಂಚಿನ ಸಿಡಿತ. ಪ್ರತಿ ಮಿಂಚಿಗೂ ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕಂಬ ನೋಡಿ, ಹೆಂಡತಿಯನ್ನು ನೋಡಿ, ಮತ್ತೆ ಕಂಬ ನೋಡುತ್ತಿದ್ದರು. ಕಪಾಟಿನಲ್ಲಿ ಹಲ್ಲುಗಳೆಲ್ಲ ಕಚ್ಚಿಕೊಂಡು ಕೂತಿದ್ದವು. ಆಮೇಲೆ ಆ ಸಿಡಿತದ ಅಡಿಯಲ್ಲೆಲ್ಲೋ ಟಿಕ್‌ಟಿಕ್, ಒಂದೇ ಸಮ.

“ಬಂದ್ರು,” ಅಂದಳು. ಕರೆ ಮುಗಿಯುವವರೆಗೂ ಕಾದು ಓಗೊಟ್ಟಳು. ಕೀಲಿ ಬಿಟ್ಟಳು. ಸಿಡಿತ. ಬರೀ ಸಿಡಿತ. ಅವರು ಮತ್ತೆ ಕರೆದರು, ಏನೂ ಕೇಳಿಸದವರ ಹಾಗೆ. ಇವಳು ಮತ್ತೆ ಓಗೊಟ್ಟಳು. ಈ ಸಲ ಗುಡುಗು ಮನೆಯ ಹತ್ತಿರವೇ ಆಯಿತು. “ಸಾಕು ಕಣೇ, ತೆಗೀ!” ಎಂದು ಚಿಕ್ಕಪ್ಪ ಕೂಗಿದರು.

“ಶ್!”

ಟಿಕ್‌ಟಿಕ್ ನಿಂತಿತು. ಎಡವಿದ ಹಾಗೆ ಒಂದು ಕ್ಷಣ. ಆಮೇಲೆ ಶುರುವಾದದ್ದು ಗಡಿಯಾರದ ಹಾಗಿರಲಿಲ್ಲ. ತಪ್ಪು ತಪ್ಪಾಗಿ, ಅವಸರವಾಗಿ ಬಂತು. ಚಿಕ್ಕಮ್ಮ ಅಕ್ಷರ ಹೇಳುತ್ತ ಹೋದಳು. ಅದು ಅವಳದೇ ರೇಡಿಯೋ ಸ್ಟೇಷನ್ನಿನ ಹೆಸರು, ಮೇಲಿಂದ ಮೇಲೆ. ಆಮೇಲೆ: ಕೇಳಿಸುತ್ತಿದೆ. ಚೆನ್ನಾಗಿ ಕೇಳಿಸುತ್ತಿದೆ. ಇಲ್ಲಿ ಮೋಡ. ನಿಮ್ಮಲ್ಲಿ?

ಇವಳು ಉತ್ತರ ಕೊಟ್ಟಳು: ಕೇಳಿಸುತ್ತಿದೆ. ಇಲ್ಲೂ ಮೋಡ. ಗುಡುಗು.

ಅವರು: ಧನ್ಯವಾದ. ಒಳ್ಳೆಯದಾಗಲಿ.

ಇವಳು: ಒಳ್ಳೆಯದಾಗಲಿ.

ಅಷ್ಟೇ. ಚಿಕ್ಕಮ್ಮ ರೇಡಿಯೋ ಆರಿಸಿ, ಕಿಟಕಿಯಾಚೆ ಹೋಗಿ ಕಂಬದ ತಂತಿ ಕಳಚಿ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಬಹಳ ದಿನದಿಂದ ಕಾದಿದ್ದ ಅಚ್ಚೊಂದನ್ನು ಎಳೆದುಕೊಂಡು ಮೇಣ ಕರಗಿಸತೊಡಗಿದಳು. ಬಾಗಿಲಲ್ಲಿ ಚಿಕ್ಕಪ್ಪ ಉಸಿರು ಬಿಟ್ಟ ಸದ್ದು ಗುಡುಗಿಗಿಂತ ಜೋರಾಗಿತ್ತು.

ನನಗೆ ತಡೆಯಲಾಗಲಿಲ್ಲ. ಅಂಗೈಯ ಬೊಬ್ಬೆಗಳು ಉರಿಯುತ್ತಿದ್ದವು. ನನ್ನ ರಜೆ, ಗುಲಾಬಿ ಗಿಡಗಳು, ಹಲ್ಲಿಲ್ಲದ ಅಜ್ಜಂದಿರು, ಇಷ್ಟೆಲ್ಲ ಹೋದದ್ದು ಮೋಡ ಇದೆ, ಇಲ್ಲೂ ಇದೆ ಅನ್ನುವುದಕ್ಕಾ? ಚಿಕ್ಕಪ್ಪ ಬೇಡ ಬೇಡ ಎಂದು ಕೈಸನ್ನೆ ಮಾಡುತ್ತಿರುವುದು ಕಾಣುತ್ತಿದ್ದರೂ ಕೇಳಿಯೇಬಿಟ್ಟೆ.

“ಚಿಕ್ಕಮ್ಮ, ಇಷ್ಟು ವರ್ಷದಲ್ಲಿ ನಂಬರ್ ಇಸ್ಕೊಂಡು ಒಂದು ಫೋನ್ ಮಾಡ್ಬಹುದಿತ್ತಲ್ಲ?”

ಅವಳು ಮೇಣದಿಂದ ಕಣ್ಣು ತೆಗೆಯಲಿಲ್ಲ.

“ಫೋನ್ ಮಾಡಿ ಏನು ಮಾತಾಡ್ಲೋ? ಅವರು ಯಾರು ಅಂತಾನೇ ನನಗೆ ಗೊತ್ತಿಲ್ಲ.”