ಹೆಡ್‌ಫೋನಿನ ಕುತ್ತಿಗೆ

ಮೊನ್ನೆ ಅಂಗಡಿಯ ಮೇಜಿನ ಖಾನೆಯಲ್ಲಿ ಟೆಸ್ಟರ್ ಹುಡುಕುತ್ತಿದ್ದಾಗ ಕೈಗೆ ಕಡ್ಡಿಯಂಥದೊಂದು ತಗುಲಿತು. ಹೊರಗೆ ತೆಗೆದೆ. ಮೊಳದುದ್ದ ಇತ್ತು, ಬೆಲ್ಲದ ಬಣ್ಣ, ಬೆತ್ತದ ಹಾಗೆ ಸೆಟೆದುಕೊಂಡಿತ್ತು. ಮೇಲೆ ಹೋಗಿ ಎರಡು ಕವಲಾಗಿ, ಕವಲಿನ ತುದಿಗೆ ಒಂದೊಂದು ಗುಂಡಿ. ಮೂಸಿದೆ, ಇನ್ನೂ ವಾರ್ನಿಷ್ ವಾಸನೆ. ನೀವು ನೋಡಿದ್ದರೆ ಯಾವುದೋ ಗಿಡದ ಬೇರು ಎನ್ನುತ್ತಿದ್ದಿರಿ. ನಾನೂ ಹಾಗೇ ಅನ್ನಬಹುದಿತ್ತು; ಆದರೆ ಅದನ್ನು ಆ ಗತಿಗೆ ತಂದವನು ನಾನೇ. ಅದು ನನ್ನ ಹೆಂಡತಿಯ ಹೆಡ್‌ಫೋನಿನ ಅರ್ಧ ಭಾಗ.

ನನ್ನದು ಮಸ್ಕಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರಿನ ಒಳಗಿನ ತಾಮ್ರದ ತಂತಿ ಕಿತ್ತು ಹೊಸದು ಸುತ್ತುವುದು ಕೆಲಸ. ಏಳನೆಯ ತರಗತಿಗೆ ಶಾಲೆ ಬಿಟ್ಟೆ. ಅದಕ್ಕೆ ಶಾಲೆಯವರೇನೂ ಅತ್ತಂತೆ ಕೇಳಿಲ್ಲ. ಆದರೆ ತುರ್ವಿಹಾಳ, ಬಳಗಾನೂರು ಕಡೆಯ ಮೋಟರುಗಳೆಲ್ಲ ಒಂದಲ್ಲ ಒಂದು ಸಲ ನನ್ನ ಕಟ್ಟೆಯ ಮೇಲೆ ಮಲಗಿ ಎದ್ದು ಹೋಗಿವೆ. ಇಷ್ಟು ವರ್ಷದಲ್ಲಿ ನಾನು ಕಲಿತ ಪಾಠ ಒಂದೇ. ವೈರ್ ನಡುವೆ ಹರಿಯುವುದಿಲ್ಲ, ಕುತ್ತಿಗೆಯಲ್ಲಿ ಹರಿಯುತ್ತದೆ. ನಮ್ಮ ರೈತರು ಬೋರಿನಿಂದ ಮೋಟರ್ ಎತ್ತುವಾಗ ಹಗ್ಗ ಬಿಟ್ಟು ವೈರ್ ಹಿಡಿದು ಜಗ್ಗುತ್ತಾರೆ. ಮೋಟರಿನ ಬಾಯಿಯ ಹತ್ತಿರ ವೈರ್ ಕಿತ್ತು ಬರುತ್ತದೆ. ಬೈದು ಬೈದು ಸಾಕಾಗಿ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದೆ: ವೈರ್ ಹಿಡಿದು ಜಗ್ಗಬಾರದು. ಓದಲು ಬರದವರಿಗೆ ಬಾಯಿಂದಲೂ ಹೇಳುತ್ತಿದ್ದೆ. ಓದಲು ಬರುವವರಿಗೆ ಎರಡು ಸಲ ಹೇಳುತ್ತಿದ್ದೆ.

ಮೂರು ವರ್ಷದ ಹಿಂದೆ ನನ್ನ ಹೆಂಡತಿ ಶರಣಮ್ಮ ಒಂದು ದಿನ ರೊಟ್ಟಿ ಬಡಿಯುತ್ತಲೇ ಹೇಳಿದಳು, "ನಾ ಗಣಿತಕ್ಕ ಮತ್ತ ಕಟ್ಟೀನ್ರಿ." ಮದುವೆಗೆ ಮುಂಚೆ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯ ಪಾಸಾಗಿ ಗಣಿತ ಒಂದರಲ್ಲಿ ಕೂತುಬಿಟ್ಟಿದ್ದಳು. ಆ ಒಂದು ವಿಷಯ ಅವಳನ್ನು ಇಷ್ಟು ವರ್ಷ ಒಳಗೊಳಗೇ ಕಚ್ಚುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಪಾಠವೆಲ್ಲ ಫೋನಿನಲ್ಲಿ ಸಿಗುತ್ತಿತ್ತು. ಆದರೆ ನಮ್ಮವ್ವ ಟಿವಿ ಹಚ್ಚಿದರೆ ಅದರ ಧಾರಾವಾಹಿಯ ಅಳು ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ. ಹಾಗಾಗಿ ತಾಮ್ರದ ತಂತಿ ತರಲು ಲಿಂಗಸುಗೂರಿಗೆ ಹೋದಾಗ ಒಂದು ಹೆಡ್‌ಫೋನ್ ತಂದುಕೊಟ್ಟೆ. ಅಂಗಡಿಯವನು ವೈರಿಲ್ಲದ್ದೂ ತೋರಿಸಿದ. ವೈರಿನ ಮೇಲೆ ಬದುಕುವವನಿಗೆ ವೈರಿಲ್ಲದ್ದು ತೋರಿಸುತ್ತೀಯಲ್ಲ ಎಂದುಕೊಂಡು ಮುಖ ತಿರುಗಿಸಿದೆ.

ಹದಿನೈದು ದಿನಕ್ಕೆ ಎಡಗಿವಿ ಸತ್ತಿತು.

"ಹೊಸಾದು ತಗೋತೀನಿ" ಅಂದಳು.

"ವೈರ್ ಕಡದದ್ದಕ್ಕ ನನ್ನ ಹೇಣ್ತಿ ಪ್ಯಾಟಿಗೆ ಹೋದ್ಲು ಅಂದ್ರ ನಾ ಅಂಗಡಿ ಬಾಗಲಾ ತೆರೀಬೇಕೋ ಬ್ಯಾಡೋ?" ಅಂದೆ.

ಗುಂಡಿಯ ಕೆಳಗೆ, ಕುತ್ತಿಗೆಯಲ್ಲೇ ಹರಿದಿತ್ತು. ಒಳಗಿನ ಎಳೆ ತಲೆಗೂದಲಿಗಿಂತ ಸಣ್ಣದು, ಅದರ ಮೇಲೆ ನಮ್ಮ ಮೋಟರ್ ತಂತಿಗಿರುವಂಥದೇ ಲೇಪ. ಕೆರೆದು, ಬೆಸುಗೆ ಹಾಕಿ, ಕಾಯಿಲ್ ಕಟ್ಟುವ ದಾರದಿಂದ ಒತ್ತೊತ್ತಾಗಿ ಬಿಗಿದುಕೊಟ್ಟೆ. ಹತ್ತು ದಿನ ಬಂತು. ಆಮೇಲೆ ದಾರದ ಕೆಳಗೆ ಹರಿಯಿತು. ಪೆನ್ನಿನೊಳಗಿನ ಸ್ಪ್ರಿಂಗ್ ತೆಗೆದು ಕುತ್ತಿಗೆಗೆ ಸುತ್ತಿದೆ. ಮನೆಯ ಪೆನ್ನುಗಳೆಲ್ಲ ಒತ್ತಿದರೆ ಒಳಗೆ ಹೋಗಿ ಮತ್ತೆ ಬರದಂತಾದವು. "ಪರೀಕ್ಷೆದಾಗ ಬರೇ ರೀಫಿಲ್ ಹಿಡಕೊಂಡು ಬರೀಲ್ಯಾ?" ಎಂದು ಶರಣಮ್ಮ ಕೇಳಿದಳು. ವಾರದಲ್ಲಿ ಸ್ಪ್ರಿಂಗ್ ಮುಗಿಯುವ ಕಡೆ ಹರಿಯಿತು. ನಾನು ಎಲ್ಲಿ ಗಟ್ಟಿ ಮಾಡಿದೆನೋ ಅದರ ಒಂದು ಬೆರಳು ಕೆಳಗೆ ಅದು ಸಾಯುತ್ತಿತ್ತು.

ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು. ತ್ರಿಕೋನಮಿತಿ ಎಂಬುದೊಂದು ಪಾಠ ಪೂರ್ತಿ ಬಾಕಿ ಎಂದಳು. ಆ ಹೆಸರು ಕೇಳಿಯೇ ನನಗೆ ಬೆವರು ಬಂತು, ಆಕೆ ಅದರೊಳಗೆ ಇಳಿಯುವವಳು. ಆಗ ನನಗೊಂದು ಯುಕ್ತಿ ಹೊಳೆಯಿತು. ಸುತ್ತಿದ ಮೋಟರಿಗೆ ನಾವು ವಾರ್ನಿಷ್ ಕುಡಿಸಿ, ಡ್ರಮ್ಮಿನೊಳಗೆ ದೊಡ್ಡ ಬಲ್ಬು ಉರಿಸಿ ಕಾಯಿಸುತ್ತೇವೆ. ಆಮೇಲೆ ಒಂದು ಎಳೆಯೂ ಅಲುಗಾಡುವುದಿಲ್ಲ. ಕುತ್ತಿಗೆಗೆ ಮಾತ್ರ ಯಾಕೆ, ಪೂರ್ತಿ ಹೆಡ್‌ಫೋನಿಗೇ ಕುಡಿಸಿದರಾಯಿತು. ಹರಿದಲ್ಲಿ ಮತ್ತೆ ಬೆಸುಗೆ ಹಾಕಿ, ಗುಂಡಿಗಳಿಗೆ ಪ್ಲಾಸ್ಟಿಕ್ ಕಟ್ಟಿ, ಅದ್ದಿ, ತೂಗುಹಾಕಿ, ಒಂದು ದಿನ ಕಾಯಿಸಿದೆ.

ಮೋಟರಿನ ತಂತಿ ಅಲುಗಾಡಬಾರದು, ಹೆಡ್‌ಫೋನಿನದು ಅಲುಗಾಡಲೇಬೇಕು ಎನ್ನುವುದು ಅದನ್ನು ಹೊರಗೆ ತೆಗೆದಾಗಲೇ ನನಗೆ ತಿಳಿದದ್ದು. ಒಳ್ಳೆಯ ಕೆಲಸ ಮಾಡಿದವನ ಮುಖ ಹೊತ್ತು ಮನೆಗೆ ಒಯ್ದೆ. ಶರಣಮ್ಮ ಕಿವಿಗೆ ಹಾಕಿಕೊಂಡಳು. ವೈರ್ ಕೆಳಗೆ ಇಳಿಯಲಿಲ್ಲ, ಮುಂದಕ್ಕೆ ಚಾಚಿ ನಿಂತಿತು. ಅದರ ತುದಿಗೆ ಫೋನು. ಅವಳು ಪಾಠ ಕೇಳುತ್ತಾ ಒಲೆಯ ಕಡೆ ತಿರುಗಿದರೆ ಫೋನು ಗೂಡಿನ ಡಬ್ಬಿಗಳನ್ನು ಕೆಡವುತ್ತಾ ಹೋಯಿತು.

ಅವ್ವ ಟಿವಿ ಬಿಟ್ಟು ನೋಡಿದಳು. "ಲೇ ತಮ್ಮಾ, ಏನ್ ಕಟ್ಟೀದಿ ಅಕೀ ಕಿವಿಗೆ? ಬಾರಕೋಲೇನು?"

ಮಾರನೆಯ ದಿನ ಅದು ನಡುವೆಯೇ ಲಟಕ್ಕೆಂದಿತು. ವೈರ್ ನಡುವೆ ಹರಿಯುವುದಿಲ್ಲ ಎಂಬ ನನ್ನ ಪಾಠವನ್ನೂ ನಾನೇ ಸುಳ್ಳು ಮಾಡಿದ್ದೆ.

ಶರಣಮ್ಮ ಹಾಲ್ ಟಿಕೆಟ್ ತರಲು ಸಿಂಧನೂರಿಗೆ ಹೋದವಳು ಅಲ್ಲೇ ಹೊಸ ಹೆಡ್‌ಫೋನ್ ಕೊಂಡು, ಕಿವಿಗೆ ಹಾಕಿಕೊಂಡೇ ಬಸ್ ಇಳಿದಳು. ನನ್ನನ್ನು ಕೇಳಲಿಲ್ಲ. ನನಗೆ ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತೇ ಆಗಲಿಲ್ಲ, ಕಿವಿಯಲ್ಲಿ ತ್ರಿಕೋನಮಿತಿ ಇತ್ತು.

ಮೂರನೆಯ ದಿನ ಬಳಗಾನೂರಿನ ಹುಸೇನ್‌ಸಾಬ್ ಮೋಟರ್ ತಂದ. ವಯಸ್ಸಾದ ರೈತ, ನಾನು ಚಾಚಾ ಎನ್ನುತ್ತೇನೆ. ಆದರೂ ವೈರ್ ಕಿತ್ತ ಮೋಟರ್ ನೋಡಿ ಬಿಡಲಿಲ್ಲ, ಗೋಡೆ ತೋರಿಸಿ ತೋರಿಸಿ ಬೈದೆ. ಮಧ್ಯಾಹ್ನ ಊಟದ ಹೊತ್ತಾಯಿತು, ನೀನೂ ಬಾ ಎಂದು ಮನೆಗೆ ಕರೆದೊಯ್ದೆ. ಶರಣಮ್ಮ ನಮಗೆ ಬೆನ್ನು ಮಾಡಿ ಕೂತು ಪಾಠ ಕೇಳುತ್ತಾ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. "ಏ, ಚಾಚಾ ಬಂದಾನ, ತಾಟ ಹಾಕು" ಅಂದೆ. ಕೇಳಿಸಲಿಲ್ಲ. ದಿನಾ ಮಾಡುವಂತೆ ಹೋಗಿ ಅವಳ ಕಿವಿಯ ವೈರ್ ಹಿಡಿದು ಜಗ್ಗಿದೆ. ಗುಂಡಿ ಟಪ್ಪೆಂದು ಹೊರಗೆ ಬಂತು.

ಹುಸೇನ್‌ಸಾಬ್ ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ.

"ಅರೆ ಮಿಸ್ತ್ರಿ, ಗ್ವಾಡಿ ಮ್ಯಾಲ ಬರಸಿದ್ದು ಅಂಗಡಿಗಷ್ಟ ಏನು? ನನ್ನ ಮೋಟರಿಗಾದ್ರ ಒಂದು ಹಗ್ಗ ಇತ್ತು. ಪಾಪ, ಈಕಿಗೆ ಅದೂ ಇಲ್ಲ."

ಶರಣಮ್ಮ ಗುಂಡಿಯನ್ನು ಕೈಯಲ್ಲಿ ಹಿಡಿದು ಹೇಳಿದಳು, "ನೀವರ ಹೇಳ್ರಿ ಚಾಚಾ. ಒಂದೂವರಿ ತಿಂಗಳಾತು ಹೇಳಾಕತ್ತೀನಿ, ಜಗ್ಗಬ್ಯಾಡ್ರಿ ಅಂತ. ಇವರ ಕಿವ್ಯಾಗ ಏನೂ ಇಲ್ಲ, ಆದ್ರೂ ಕೇಳಸಂಗಿಲ್ಲ."

ದಾರ, ಸ್ಪ್ರಿಂಗ್, ವಾರ್ನಿಷ್ ಎಲ್ಲ ಒಂದೊಂದಾಗಿ ನನ್ನ ಕಣ್ಣಮುಂದೆ ಬಂದವು. ನಾನು ರಿಪೇರಿ ಮಾಡಬೇಕಾದದ್ದು ನನ್ನ ಬಲಗೈಯನ್ನು. ಅವತ್ತು ತಾಟು ನಾನೇ ಹಾಕಿದೆ. ಹುಸೇನ್‌ಸಾಬ್ ಎರಡು ರೊಟ್ಟಿ ಹೆಚ್ಚು ತಿಂದ.

ಶರಣಮ್ಮ ಗಣಿತ ಪಾಸಾದಳು. ಅಷ್ಟಕ್ಕೆ ನಿಲ್ಲದೆ ಈಗ ಪಿಯುಸಿಗೆ ಕಟ್ಟಿದ್ದಾಳೆ. ಸಿಂಧನೂರಿನಲ್ಲಿ ಕೊಂಡ ಆ ಹೆಡ್‌ಫೋನ್ ಇವತ್ತಿಗೂ ಅದೇ ಇದೆ. ಅದರ ಕುತ್ತಿಗೆಗೆ ದಾರವಿಲ್ಲ, ಸ್ಪ್ರಿಂಗ್ ಇಲ್ಲ. ಖಾನೆಯಲ್ಲಿ ಸಿಕ್ಕ ಕಡ್ಡಿಯನ್ನು ನಾನು ಕೆಂಪು ಅಕ್ಷರಗಳ ಕೆಳಗೆ ಮೊಳೆ ಹೊಡೆದು ತೂಗುಹಾಕಿದೆ. ಇಂದು ಬೆಳಿಗ್ಗೆ ಸಾಲಗುಂದದವನೊಬ್ಬ ಅದನ್ನು ನೋಡಿ, "ಇದನ್ಯಾವ ಶ್ಯಾಣ್ಯಾ ಮಾಡ್ಯಾನ್ರೀ?" ಎಂದು ಕೇಳಿದ. ಗಿರಾಕಿಯೊಬ್ಬನದು ಎನ್ನಲು ಬಾಯಿ ತೆರೆದೆ. ಆಮೇಲೆ "ನಾನ ಮಾಡೀನಿ" ಅಂದೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಶರಣಮ್ಮ ಬೆನ್ನು ಮಾಡಿ ಕೂತಿದ್ದಳು, ಕಿವಿಯಲ್ಲಿ ಪಾಠ. ನಾನು ಹೊಸ್ತಿಲಲ್ಲೇ ನಿಂತು ಜೇಬಿನಿಂದ ಫೋನ್ ತೆಗೆದು ಅವಳ ನಂಬರಿಗೆ ಹಚ್ಚಿದೆ.

"ಹೇಳ್ರಿ, ಎಲ್ಲದೀರಿ?"

"ಬಾಗಲದಾಗ."

ಅವಳು ತಿರುಗಿ ನೋಡಲಿಲ್ಲ. "ಐದು ನಿಮಿಷದ ಪಾಠ ಐತಿ. ಅಲ್ಲೀಮಟ ಕೈಕಾಲು ತೊಳಕೋರಿ" ಎಂದು ಕಟ್ ಮಾಡಿದಳು.

ನಾನು ತೊಳೆದುಕೊಂಡೆ. ಬಲಗೈಯನ್ನು ಸ್ವಲ್ಪ ಹೆಚ್ಚು ಹೊತ್ತು ತೊಳೆದೆ.